ತಟ್ಟೆ ಜೋಡಿಸಿದವರ ಕಥೆ

ವಿಮಾನದಲ್ಲಿ ಊಟ ಎದುರಿಗೆ ಬಂದಾಗ ಅನ್ನ ಗಟ್ಟಿ, ಪಲ್ಯ ಸಪ್ಪೆ ಎಂದು ಗೊಣಗುವ ನಾವು, ಆ ತಟ್ಟೆ ಜೋಡಿಸಿದವರು ಯಾರೆಂದು ಕೇಳುವುದಿಲ್ಲ. ಸುಂದರಿ ಅನಿತಾ ಮತ್ತು ರೂತ್ ಪಿಯರ್ಸನ್ ಕೇಳಿದ್ದಾರೆ. 2018ರಲ್ಲಿ ಪ್ರಕಟವಾದ ಅವರ ‘ಸ್ಟ್ರೈಕಿಂಗ್ ವಿಮೆನ್’ ಎಂಬ ಇಂಗ್ಲಿಷ್ ಗ್ರಂಥ, ಬ್ರಿಟನ್ನಿನಲ್ಲಿ ನೆಲಸಿದ ನಮ್ಮ ಕಡೆಯ ಹೆಂಗಸರ ಎರಡು ಹೋರಾಟಗಳನ್ನು ಒಟ್ಟಿಗಿಟ್ಟು ನೋಡುತ್ತದೆ. (ಹೆಸರಿನಲ್ಲಿರುವ ಶ್ಲೇಷೆ ಕನ್ನಡಕ್ಕೆ ಬರುವಂತಿಲ್ಲ.)

ಮೊದಲನೆಯದು 1976ರಿಂದ 1978ರವರೆಗೆ ನಡೆದ ಗ್ರನ್ವಿಕ್ ಮುಷ್ಕರ. ಸೀರೆಯುಟ್ಟು ಕಾರ್ಖಾನೆಯ ಬಾಗಿಲಲ್ಲಿ ನಿಂತ ಜಯಾಬೆನ್ ದೇಸಾಯಿಯವರ ಚಿತ್ರ ಲೋಕಪ್ರಸಿದ್ಧ. ಎರಡನೆಯದು ಹೀತ್ರೋ ವಿಮಾನನಿಲ್ದಾಣದ ಬಳಿಯ ಗೇಟ್ ಗೋರ್ಮೆಯದು. ಬ್ರಿಟಿಷ್ ಏರ್‌ವೇಸ್ 1997ರಲ್ಲಿ ತನ್ನ ಅಡುಗೆಯ ವಿಭಾಗವನ್ನು ಈ ಸಂಸ್ಥೆಗೆ ಮಾರಿತು. ಹೆಂಗಸರೂ ಪಾತ್ರೆಪಡಗದೊಡನೆ ಕೈಬದಲಾದರು. ಸಂಸ್ಥೆ ನಷ್ಟಕ್ಕೆ ಬಿತ್ತು. ಆಳು ಕಡಿಮೆ ಮಾಡುವ ಯೋಜನೆಯನ್ನು ಕಾರ್ಮಿಕರು ಒಪ್ಪಲಿಲ್ಲ. 2005ರ ಆಗಸ್ಟ್ 10ರಂದು ಹೊರಗಿನಿಂದ ಹಂಗಾಮಿ ಆಳುಗಳು ಬಂದುದನ್ನು ಕಂಡು, ಇದೇನೆಂದು ಕೇಳಲು ಅವರು ಕ್ಯಾಂಟೀನಿನಲ್ಲಿ ಕೂಡಿದರು. ಆರುನೂರಕ್ಕೂ ಹೆಚ್ಚು ಮಂದಿ ವಜಾ ಆದರು. ಸುದ್ದಿ ಕೆಲವರ ಕಿವಿಗೆ ಬಿದ್ದದ್ದು ಧ್ವನಿವರ್ಧಕದಿಂದ. ಅವರಲ್ಲಿ ಬಹುಮಂದಿ ಸೌತ್‌ಹಾಲಿನ ಪಂಜಾಬಿ ಗೃಹಿಣಿಯರು. ಮರುದಿನ ವಿಮಾನನಿಲ್ದಾಣದ ಸಾಮಾನು ಸಾಗಿಸುವವರು ಅವರ ಪರವಾಗಿ ಕೆಲಸ ನಿಲ್ಲಿಸಿದಾಗ ಪತ್ರಿಕೆಗಳು ಎಣಿಸಿದ್ದು ಸಿಕ್ಕಿಬಿದ್ದ ಪ್ರಯಾಣಿಕರನ್ನು.

ಎರಡೂ ಹೋರಾಟಗಳು ಸೋತವು. ಒಂದು ಪುರಾಣವಾಯಿತು, ಇನ್ನೊಂದು ಮರೆತುಹೋಯಿತು. ಏಕೆ? ಗ್ರಂಥದ ಜೀವ ಈ ಪ್ರಶ್ನೆಯಲ್ಲಿದೆ. ಕಾಲ ಬದಲಾಗಿತ್ತು, ಪರರಿಗಾಗಿ ಮುಷ್ಕರ ಹೂಡುವುದನ್ನು ಕಾನೂನು ನಿಷೇಧಿಸಿತ್ತು ಎಂಬ ಉತ್ತರ ಸರಿಯೇ. ನನಗೆ ಇನ್ನೊಂದು ಕಾಣುತ್ತದೆ. ಗ್ರನ್ವಿಕ್‌ನವರು ಸಂಘ ಬೇಕೆಂದು ಹೋರಾಡಿದರು. ಆ ಕಥೆ ಸಂಘಗಳಿಗೆ ಹೆಮ್ಮೆಯದು. ಇವರಿಗೆ ಸಂಘವಿತ್ತು. ಆದರೆ ಅದು ಮಾಡಿಕೊಂಡ ಒಪ್ಪಂದದಲ್ಲಿ ಕೆಲವರಷ್ಟೇ ಕೆಲಸಕ್ಕೆ ಮರಳಿದರು, ಉಳಿದವರು ಹೊರಗುಳಿದರು. ಇಂಥ ಕಥೆಯನ್ನು ಯಾವ ಸಂಘ ತಾನೇ ವರ್ಷವರ್ಷ ಹೇಳಿಕೊಂಡೀತು?

ಹೆಂಗಸರ ಬಾಯಿಂದಲೇ ಬಂದ ಬಾಳಿನ ವಿವರಗಳು, ಮದುವೆಯಾಗಿ ಪರದೇಶಕ್ಕೆ ಬಂದದ್ದು, ಸಂಬಳ ಕೈಗೆ ಬಂದಾಗ ಮನೆಯಲ್ಲಿ ಮಾತಿಗೆ ಬೆಲೆ ಬಂದದ್ದು, ಇವನ್ನು ಓದುವಾಗ ಪುಸ್ತಕ ಕೆಳಗಿಡಲಾಗದು. ಆದರೆ ಮಾತು ಕಾವೇರುವಷ್ಟರಲ್ಲಿ ಸಿದ್ಧಾಂತ ಅಡ್ಡ ಬರುತ್ತದೆ. ಮಾತನಾಡುವವಳನ್ನು ತಡೆದು ಪ್ರಾಧ್ಯಾಪಕರು ವ್ಯಾಖ್ಯಾನಕ್ಕೆ ತೊಡಗುತ್ತಾರೆ. ಒಬ್ಬಳದಾದರೂ ಕಥೆಯನ್ನು ಮೊದಲಿನಿಂದ ಕೊನೆಯವರೆಗೆ ಅವಳೇ ಹೇಳುವಂತೆ ಬಿಡಬಹುದಿತ್ತು.