ಕಡತ ಬಂತು, ಅಕ್ಷರ ಬಂತೇ?

ನಮ್ಮ ಅಂಬರನಾಥದ ಶಿವಾಲಯದ ಶಾಸನ ಶಕ ೯೮೨ರದು, ಎಂದರೆ ಕ್ರಿ.ಶ. ೧೦೬೦ರದು. ಬಲ್ಲವರು ಅದನ್ನು ಇಂದಿಗೂ ಓದುತ್ತಾರೆ. ಆದರೆ ಇಪ್ಪತ್ತು ವರ್ಷಗಳ ಹಿಂದೆ ಗಣಕಯಂತ್ರದಲ್ಲಿ ನಾವು ಕನ್ನಡದಲ್ಲಿ ಟೈಪು ಮಾಡಿಸಿದ ಸ್ಮರಣ ಸಂಚಿಕೆಗಳು, ವಂಶಾವಳಿಗಳು ಹೊಸ ಯಂತ್ರದಲ್ಲಿ ಓದಲಾಗದೆ ಕುಳಿತಿವೆ.

ಇದಕ್ಕೆ ಬಲ್ಲವರು ಹೇಳುವ ಉಪಾಯವೊಂದುಂಟು. ವರ್ಚುವಲ್‌ಬಾಕ್ಸ್ ಎಂಬ ತಂತ್ರಾಂಶದ ಮೂಲಕ ಹೊಸ ಯಂತ್ರದೊಳಗೇ ಹಳೆಯ ವಿಂಡೋಸ್ ಎಕ್ಸ್‌ಪಿಯನ್ನು ನಡೆಸುವುದು. ಹೊರಗಿನ ಒಂದು ಫೋಲ್ಡರನ್ನು ಒಳಗಿನದರೊಡನೆ ಹಂಚಿ, ಅದಕ್ಕೊಂದು ಡ್ರೈವ್ ಅಕ್ಷರ ಕೊಡುವುದು. ಜಾಲದ ವಿಳಾಸ ತಿಳಿಯದ ಕೆಲವು ಹಳೆಯ ತಂತ್ರಾಂಶಗಳಿಗೂ ಸಿ, ಡಿ, ಇ ಎಂದರೆ ತಿಳಿಯುತ್ತದೆ. ಇದೇ ಈ ಏರ್ಪಾಡಿನ ದೊಡ್ಡ ಗುಣ. ಮೊದಲು 'ಗೆಸ್ಟ್ ಅಡಿಷನ್ಸ್' ಹಾಕಬೇಕು. ವಿಂಡೋಸ್ ೯೮ಕ್ಕೆ ಅದು ಇಲ್ಲದ ಕಾರಣ ಅಲ್ಲಿ ಈ ಹಂಚಿಕೆ ನಡೆಯದು.

ದೋಷಗಳನ್ನೂ ಹೇಳಬೇಕು. ಎಕ್ಸ್‌ಪಿಗೆ ಮೈಕ್ರೋಸಾಫ್ಟಿನ ಬೆಂಬಲ ೨೦೧೪ರ ಏಪ್ರಿಲ್ ೮ಕ್ಕೆ ನಿಂತಿತು. ಒಳಗೆ ವೈರಸ್ ಹೊಕ್ಕರೆ ಹಂಚಿದ ಫೋಲ್ಡರಿನಲ್ಲಿರುವ ಕಡತಗಳನ್ನೂ ಅದು ಕೆಡಿಸಬಲ್ಲದು. ಆದ್ದರಿಂದ ಮೂಲ ಕಡತಗಳ ಫೋಲ್ಡರನ್ನು ಓದಲು ಮಾತ್ರ ಬರುವಂತೆ ಹಂಚಿ, ಹೊರಬರುವ ಪ್ರತಿಗಳಿಗೆ ಬೇರೊಂದು ಫೋಲ್ಡರ್ ಇಡುವುದು ಲೇಸು. ಎಕ್ಸ್‌ಪಿಗೆ ಅಂತರಜಾಲದ ಸಂಪರ್ಕವೂ ಬೇಡ.

ಇದಕ್ಕಿಂತ ದೊಡ್ಡ ಕೊರತೆ ಬೇರೆ ಇದೆ. ನುಡಿ, ಬರಹ, ಶ್ರೀಲಿಪಿಗಳ ಹಳೆಯ ಫಾಂಟುಗಳು ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ತುಣುಕುಗಳನ್ನು ಕೂರಿಸಿದ್ದವು. ಕಡತ ಡ್ರೈವ್ ದಾಟಿ ಹೊರಗೆ ಬಂದರೂ, ಆ ಫಾಂಟ್ ಇಲ್ಲದಿದ್ದರೆ ಪರದೆಯ ಮೇಲೆ ಕಾಣುವುದು ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ. ಕನ್ನಡದ ಪದ ಕೊಟ್ಟು ಹುಡುಕಿದರೆ ಸಿಗದು. ಹೀಗಾಗಿ ಡ್ರೈವ್ ಎಂಬುದು ಬಾಗಿಲು ಮಾತ್ರ, ಉಳಿವು ಯೂನಿಕೋಡಿನಲ್ಲಿದೆ.

ಪರಿವರ್ತಕಗಳೇನೋ ಇವೆ. ಆದರೆ ಅವುಗಳ ಕೆಲಸವನ್ನು ಕಣ್ಣು ಮುಚ್ಚಿ ನಂಬಲಾಗದು. ಹಳೆಯ ಫಾಂಟಿನಲ್ಲಿ ಅರ್ಕಾವತ್ತು ವ್ಯಂಜನದ ನಂತರ ಬರುತ್ತದೆ. ಯೂನಿಕೋಡಿನಲ್ಲಿ ರಕಾರವೇ ಮೊದಲು. ಇಲ್ಲಿ ತಪ್ಪಿದರೆ 'ಕಾರ್ಯ' ಕೆಟ್ಟಿತು. ನಡುವೆ ಇಂಗ್ಲಿಷಿನಲ್ಲಿದ್ದ ಹೆಸರುಗಳೂ ಕನ್ನಡದ ಕಲಸುಮೇಲೋಗರವಾಗುತ್ತವೆ. ಮೂಲದ ಪುಟವನ್ನು ಎಕ್ಸ್‌ಪಿಯಲ್ಲಿ ತೆರೆದಿಟ್ಟು, ಹಿರಿಯರೊಬ್ಬರು ಸಾಲು ಸಾಲಾಗಿ ಹೋಲಿಸಿ ನೋಡಲೇಬೇಕು. ಈ ಕೆಲಸಕ್ಕೆ ಹಂಚಿದ ಡ್ರೈವ್ ನಿಜಕ್ಕೂ ಅನುಕೂಲ.

ಒಟ್ಟಿನಲ್ಲಿ, ಉಪಾಯ ಒಳ್ಳೆಯದು, ಸಾಲದು. ಹೊರನಾಡಿನಲ್ಲಿ ಬೆಳೆದ ನಮ್ಮ ಮಕ್ಕಳಿಗೆ ಕನ್ನಡ ಓದುವುದೇ ಕಷ್ಟವಾಗುತ್ತಿರುವಾಗ, ಅಜ್ಜನ ಬರಹ ಓದಲು ಹಳೆಯ ಯಂತ್ರವನ್ನೂ ಎಬ್ಬಿಸಿರೆಂದರೆ ಯಾರು ಓದಿಯಾರು? ಪುಟದ ಮೂಲರೂಪ ಬಲ್ಲವರು ನಮ್ಮೊಡನಿರುವಾಗಲೇ ಈ ಕೆಲಸ ಮುಗಿಯಲಿ.