ಸೋಲಾರ್ ಇದೆ, ಬಿಸಿನೀರೆಲ್ಲಿ?

ಬೆಂಗಳೂರಲ್ಲಿ ಒಂದು ಅಳತೆ ಮೀರಿದ ಹೊಸ ಮನೆಗೆ ಕರೆಂಟ್ ಕನೆಕ್ಷನ್ ಬೇಕು ಅಂದ್ರೆ ತಾರಸಿ ಮೇಲೆ ಸೋಲಾರ್ ವಾಟರ್ ಹೀಟರ್ ಇರಲೇಬೇಕು. 2007ರಲ್ಲೇ ಸರ್ಕಾರ ಇದನ್ನ ಕಡ್ಡಾಯ ಮಾಡಿದ್ದು. ಉದ್ದೇಶದ ಬಗ್ಗೆ ತಕರಾರಿಲ್ಲ. ಬೆಳಗ್ಗೆ ಆರಕ್ಕೆ ಊರಿಗೂರೇ ಎರಡು ಕಿಲೋವ್ಯಾಟಿನ ಗೀಸರ್ ಹಾಕಿದ್ರೆ ಗ್ರಿಡ್ ಗತಿ ಏನು?

ತಕರಾರು ಇರೋದು, ಈ ನಿಯಮ ತಾರಸಿ ನೋಡುತ್ತೆ, ನಲ್ಲಿ ನೋಡಲ್ಲ ಅನ್ನೋದಕ್ಕೆ. ನಾನು ಬಾಡಿಗೆಗಿದ್ದದ್ದು ನೆಲಮಹಡಿಯಲ್ಲಿ, ಸೋಲಾರ್ ಟ್ಯಾಂಕು ಮೂರು ಮಹಡಿ ಮೇಲೆ. ಪೈಪಿಗೆ ಹೊದಿಕೆ ಇಲ್ಲ. ಬಿಸಿನೀರು ಬರೋಷ್ಟರಲ್ಲಿ ಅರ್ಧ ಬಕೆಟ್ ತಣ್ಣೀರು ಮೋರಿ ಸೇರಿರ್ತಿತ್ತು. ಅದು ಸುಮಾರು 100 ಕಿಲೋಮೀಟರ್ ದೂರದಿಂದ, ಹತ್ತಿರ ಹತ್ತಿರ ಅರ್ಧ ಕಿಲೋಮೀಟರ್ ಎತ್ತರಕ್ಕೆ ಪಂಪ್ ಮಾಡಿ ತಂದ ಕಾವೇರಿ ನೀರು. ಆ ಪಂಪು ಓಡೋದೂ ಕರೆಂಟಿಂದಲೇ! ಪಕ್ಕದವರು ಇನ್ನೊಂದು ಮಹಡಿ ಏರಿಸಿದ ಮೇಲೆ ಬಿಸಿಲೂ ಹೋಯ್ತು. ನಾವು ಗೀಸರ್ ಹಾಕಿಸ್ಕೊಂಡ್ವಿ. ಕಾಗದದಲ್ಲಿ ಮಾತ್ರ ಅದು ಸೋಲಾರ್ ಮನೆ.

ಊರಲ್ಲಿ ಹಂಡೆ ಒಲೆ ಬಚ್ಚಲಲ್ಲೇ ಇರ್ತಿತ್ತು. ನೀರು ಸೇದೋಳೂ ಅಮ್ಮ, ಸೌದೆ ಒಟ್ಟೋಳೂ ಅಮ್ಮ. ಹಾಗಾಗಿ ಒಂದು ಚೊಂಬು ನೀರೂ ದಂಡವಾಗ್ತಿರಲಿಲ್ಲ. ಇಲ್ಲಿ ಸೋಲಾರ್ ಹಾಕಿಸೋರು ಓನರ್, ನಲ್ಲಿ ಮುಂದೆ ಕಾಯೋರು ಬಾಡಿಗೆದಾರರು.

ಕನೆಕ್ಷನ್ ಕೊಡುವಾಗಲೇ ಪೈಪಿನ ಉದ್ದ, ಹೊದಿಕೆ, ನೆರಳು ಮೂರನ್ನೂ ಪರೀಕ್ಷಿಸಲಿ. ಆಮೇಲೂ ಎರಡು ವರ್ಷಕ್ಕೊಮ್ಮೆ ಬಂದು, ತಾರಸಿ ಹತ್ತೋ ಮುಂಚೆ ಕೆಳಗಿನ ಮನೆಯ ನಲ್ಲಿ ತಿರುಗಿಸಿ ನೋಡಲಿ.