ಹಾಸ್ ಹೊಲಿದ ಎಂಟನೆಯ ಸಿಂಫನಿ

ಆಂಟನ್ ಬ್ರುಕ್ನರ್‌ನ ಎಂಟನೆಯ ಸಿಂಫನಿ ಎಲ್ಲಿ ನುಡಿಸಿದರೂ ಕಾರ್ಯಕ್ರಮ ಪತ್ರಿಕೆಯಲ್ಲಿ ಒಂದು ತೀರ್ಪು ಸಿದ್ಧವಾಗಿರುತ್ತದೆ. ಸಂಪಾದಕ ರಾಬರ್ಟ್ ಹಾಸ್ 1939ರಲ್ಲಿ ಅಚ್ಚು ಹಾಕಿಸಿದ್ದು ಎರಡು ಪಾಠಗಳ ಕಲಬೆರಕೆ, ಬ್ರುಕ್ನರ್ ಬರೆಯದ ಸಿಂಫನಿ. ಲಿಯೊಪೋಲ್ಡ್ ನೊವಾಕ್ 1955ರಲ್ಲಿ ಕೊಟ್ಟದ್ದೇ ಶುದ್ಧ ಪಾಠ. ತಿಳಿವಳಿಕೆಯುಳ್ಳ ಆರ್ಕೆಸ್ಟ್ರಾಗಳು ಹಾಸ್‌ನನ್ನು ಕಪಾಟಿಗೆ ಸೇರಿಸಬೇಕು. ಇದನ್ನು ಬರೆಯುವವರ ದನಿಯಲ್ಲಿ ಒಬ್ಬ ಕಳ್ಳನನ್ನು ಹಿಡಿದುಕೊಟ್ಟ ನೆಮ್ಮದಿ ಕಾಣುತ್ತದೆ. ಆ ನೆಮ್ಮದಿಯೇ ನನ್ನನ್ನು ಕೆಣಕುವುದು.

ಸಂಗತಿ ನಡೆದದ್ದು ಹೀಗೆ. 1887ರಲ್ಲಿ ಬ್ರುಕ್ನರ್ ಎಂಟನೆಯದನ್ನು ಮುಗಿಸಿ, ತನ್ನ ಏಳನೆಯದನ್ನು ಮ್ಯೂನಿಕ್‌ನಲ್ಲಿ ಗೆಲ್ಲಿಸಿದ್ದ ಕಂಡಕ್ಟರ್ ಹರ್ಮನ್ ಲೆವಿಗೆ ಕಳಿಸಿದ. ಲೆವಿಗೆ ಅದು ತಲೆಬುಡ ಅರ್ಥವಾಗಲಿಲ್ಲ. ಮುದುಕ ಕುಸಿದುಹೋದ; ಮತ್ತೆ ಎದ್ದು 1890ರ ಹೊತ್ತಿಗೆ ಇಡೀ ಕೃತಿಯನ್ನು ತಿದ್ದಿ ಬರೆದ. ಹಾಸ್ ಆ ತಿದ್ದಿದ ಪ್ರತಿಯನ್ನೇ ಆಧಾರವಾಗಿ ಹಿಡಿದ. ಆದರೆ ಬ್ರುಕ್ನರ್ ಕತ್ತರಿಸಿಹಾಕಿದ್ದ ಕೆಲವು ಭಾಗಗಳನ್ನು 1887ರ ಪ್ರತಿಯಿಂದ ಎತ್ತಿ ತಂದು ಸೇರಿಸಿದ: ಅಡಾಜಿಯೊದಲ್ಲಿ ಹತ್ತು ಬಾರ್, ಫಿನಾಲೆಯಲ್ಲಿ ಇನ್ನಷ್ಟು. ಕಾರಣ ಕೇಳಿದರೆ ಆತನ ಉತ್ತರ ಒಂದೇ. ಆ ಕಡಿತಗಳು ಬ್ರುಕ್ನರ್‌ನ ಮನಸ್ಸಿನವಲ್ಲ, ಶಿಷ್ಯ ಜೋಸೆಫ್ ಶಾಲ್ಕ್‌ನ ಒತ್ತಡದವು. ಇದಕ್ಕೆ ಆತ ಕೊಟ್ಟ ಪುರಾವೆ ನಿಲ್ಲುವಂಥದ್ದಲ್ಲ. ನೊವಾಕ್ ಆ ಭಾಗಗಳನ್ನೆಲ್ಲ ತೆಗೆದು 1890ರ ಪಾಠವನ್ನು ಇದ್ದಂತೆ ಮುದ್ರಿಸಿದ. 1972ರಲ್ಲಿ 1887ರದನ್ನೂ ಪ್ರತ್ಯೇಕವಾಗಿ ತಂದ.

ಗ್ರಂಥಸಂಪಾದನೆಯ ಲೆಕ್ಕದಲ್ಲಿ ನೊವಾಕ್ ಗೆದ್ದ. ಅದರಲ್ಲಿ ನನ್ನ ತಕರಾರಿಲ್ಲ. ಡಿ.ಎಲ್. ನರಸಿಂಹಾಚಾರ್ಯರ 'ಕನ್ನಡ ಗ್ರಂಥಸಂಪಾದನೆ' ಓದಿ ಬೆಳೆದವರಿಗೆ ಇದನ್ನು ವಿವರಿಸಬೇಕಾಗಿಯೂ ಇಲ್ಲ. ಆದರೆ ಪಂಪನ ಕೈಬರಹ ನಮಗೆ ಉಳಿದಿಲ್ಲ. ಲಿಪಿಕಾರರ ಓಲೆಗಳನ್ನು ತೂಗಿನೋಡಿ, ಪ್ರಕ್ಷಿಪ್ತವನ್ನು ಸೋಸಿ, ಕಳೆದುಹೋದ ಒಂದು ಪಾಠದ ಹತ್ತಿರಕ್ಕೆ ಹೋಗಬೇಕು. ಬ್ರುಕ್ನರ್‌ನ ಕಷ್ಟ ಇದಕ್ಕೆ ತಿರುವುಮುರುವು. ಆತ ತನ್ನ ಹಸ್ತಪ್ರತಿಗಳನ್ನೆಲ್ಲ ವಿಯೆನ್ನಾದ ಅರಮನೆ ಗ್ರಂಥಾಲಯಕ್ಕೆ ಉಯಿಲು ಬರೆದುಕೊಟ್ಟ. ಅಲ್ಲಿ ಯಾವುದೂ ಕಳೆದಿಲ್ಲ, ಎಲ್ಲವೂ ಬೇಕಾದ್ದಕ್ಕಿಂತ ಹೆಚ್ಚಾಗಿದೆ. ಮೂರನೆಯ, ನಾಲ್ಕನೆಯ ಸಿಂಫನಿಗಳು ತಲಾ ಮೂರು ರೂಪದಲ್ಲಿವೆ. ಹೀಗಿರುವಾಗ ಮೂಲ ಯಾವುದು ಎಂದು ಕೇಳಿದರೆ ಹಸ್ತಪ್ರತಿ ಉತ್ತರ ಕೊಡುವುದಿಲ್ಲ. ಯಾವುದು ಒಳ್ಳೆಯದು ಎಂದು ಕೇಳಬೇಕಾಗುತ್ತದೆ. ವಿದ್ವಾಂಸರು ಹೆದರುವುದು ಆ ಎರಡನೆಯ ಪ್ರಶ್ನೆಗೆ.

ಹಾಸ್ ಹೆದರಲಿಲ್ಲ. ಅಡಾಜಿಯೊದ ಆ ಹತ್ತು ಬಾರ್‌ಗಳನ್ನೇ ತೆಗೆದುಕೊಳ್ಳಿ. ಇಪ್ಪತ್ತು ನಿಮಿಷಕ್ಕೂ ಮೀರಿ ಹರಿಯುವ ಚಲನೆ ಅದು. ಅದರ ಶಿಖರ ಒಮ್ಮೆಗೇ ಸಿಗುವುದಿಲ್ಲ. ಬ್ರುಕ್ನರ್ ಮೆಟ್ಟಿಲು ಕಟ್ಟುತ್ತಾನೆ, ಏರಿಸುತ್ತಾನೆ, ಬೇರೆ ಶ್ರುತಿಗೆ ತಿರುಗಿಸುತ್ತಾನೆ. ನೊವಾಕ್‌ನ ಪಾಠದಲ್ಲಿ ಒಂದು ಏರು ಮುಗಿದ ಕೂಡಲೇ ಮುಂದಿನ ಏರಿಗೆ ದಬ್ಬಿದಂತಾಗುತ್ತದೆ. ಹಾಸ್ ಸೇರಿಸಿದ ಜಾಗದಲ್ಲಿ ಧ್ವನಿ ತಗ್ಗುತ್ತದೆ, ತಂತಿವಾದ್ಯಗಳು ಒಳಕ್ಕೆ ತಿರುಗುತ್ತವೆ, ಕೇಳುವವನಿಗೆ ತಾನೆಷ್ಟು ಎತ್ತರಕ್ಕೆ ಬಂದಿದ್ದೇನೆಂದು ನೋಡಿಕೊಳ್ಳಲು ಬಿಡುವು ಸಿಗುತ್ತದೆ. ಆಮೇಲೆ ಬರುವ ಸಿಂಬಲ್‌ನ ಎರಡು ಹೊಡೆತಕ್ಕೆ ಅದರಿಂದ ತೂಕ ಬಂದಿದೆ. 1887ರ ಪಾಠದಲ್ಲಿ ಅದೇ ಶಿಖರ ಸಿ ಮೇಜರ್‌ನಲ್ಲಿದ್ದು ಸಿಂಬಲ್ ಆರು ಬಾರಿ ಮೊಳಗುತ್ತಿತ್ತು. ತಿದ್ದಿದಾಗ ಬ್ರುಕ್ನರ್ ಅದನ್ನು ಎರಡಕ್ಕೆ ಇಳಿಸಿದ. ಹಾಸ್ ಹಳೆಯದರ ಮೌನವನ್ನು ಉಳಿಸಿಕೊಂಡ, ಹೊಸದರ ಸಂಯಮವನ್ನೂ ಉಳಿಸಿಕೊಂಡ. ಅದು ಪ್ರಾಮಾಣಿಕ ಸಂಪಾದನೆ ಅಲ್ಲದಿರಬಹುದು. ಕಿವಿಯುಳ್ಳವನ ಕೆಲಸವಂತೂ ಹೌದು.

ಕಂಡಕ್ಟರ್‌ಗಳಲ್ಲಿ ಕಾರಾಯನ್ ಹಾಸ್‌ನನ್ನು ಬಿಡಲಿಲ್ಲ. ಗುಂಟರ್ ವಾಂಡ್ ಬಿಡಲಿಲ್ಲ, ಹೈಟಿಂಕ್ ಬಿಡಲಿಲ್ಲ. ಭಾವುಕತೆಯ ಆರೋಪ ಯಾರೂ ಹೊರಿಸಲಾಗದ ಪಿಯರ್ ಬೂಲೆಜ್ 1996ರಲ್ಲಿ, ಬ್ರುಕ್ನರ್ ಆರ್ಗನ್ ನುಡಿಸಿದ ಸೇಂಟ್ ಫ್ಲೋರಿಯನ್ ಮಠದಲ್ಲೇ, ವಿಯೆನ್ನಾ ಫಿಲ್ಹಾರ್ಮೊನಿಕ್‌ನೊಡನೆ ಹಾಸ್ ಪಾಠವನ್ನೇ ನಡೆಸಿದ. ನೊವಾಕ್‌ನ ಸ್ಕೋರ್ ಅಂಗಡಿಯಲ್ಲಿ ಸಿಗದೆ ಇವರು ಹಾಗೆ ಮಾಡಿದರೆ? ಯೋಖುಮ್, ಜುಲಿನಿ, ಚೆಲಿಬಿಡಾಕೆ ನೊವಾಕ್ ಕಡೆಗಿದ್ದರು ಎನ್ನುವುದು ನನಗೂ ಗೊತ್ತು. ಈ ಲೇಖನ ಅವರ ಕುರಿತಲ್ಲ.

ಇನ್ನು ಹಾಸ್ ಎಂಬ ಮನುಷ್ಯ. ಆತನನ್ನು ಪ್ರೀತಿಸಿ ಎಂದು ಯಾರಿಗೂ ಹೇಳಲಾರೆ. 1886ರಲ್ಲಿ ಪ್ರಾಗ್‌ನಲ್ಲಿ ಹುಟ್ಟಿದವ, ವಿಯೆನ್ನಾದ ರಾಷ್ಟ್ರೀಯ ಗ್ರಂಥಾಲಯದ ಸಂಗೀತ ವಿಭಾಗದ ಮುಖ್ಯಸ್ಥ, ನಾಜಿ ಪಕ್ಷದ ಸದಸ್ಯ. 1937ರ ಜೂನ್‌ನಲ್ಲಿ ರೇಗೆನ್ಸ್‌ಬುರ್ಗ್ ಬಳಿಯ ವಾಲ್ಹಾಲಾದಲ್ಲಿ ಹಿಟ್ಲರನ ಎದುರು ಬ್ರುಕ್ನರ್‌ನ ಪ್ರತಿಮೆ ಅನಾವರಣಗೊಂಡಿತು, ಗೋಬೆಲ್ಸ್ ಭಾಷಣ ಮಾಡಿದ. ಹಾಸ್‌ನ ಸಂಪುಟಗಳು ಹೊರಬಂದದ್ದು ಆ ವರ್ಷಗಳಲ್ಲೇ. ಪರಕೀಯ ಕೈಗಳು ಕೆಡಿಸಿದ್ದ ಜರ್ಮನ್ ಮೇಧಾವಿಯನ್ನು ತೊಳೆದು ಮೂಲರೂಪಕ್ಕೆ ತರುತ್ತಿದ್ದೇವೆ ಎಂಬ ಮಾತು ಆಗಿನ ಸರ್ಕಾರಕ್ಕೆ ಜೇನಿನಂತೆ ಹಿಡಿಸಿತು. 1945ರಲ್ಲಿ ಹಾಸ್ ಕೆಲಸ ಕಳೆದುಕೊಂಡ, ಆ ಜಾಗಕ್ಕೆ ನೊವಾಕ್ ಬಂದ. ಹೋಗಬೇಕಾದವನೇ ಹೋದ.

ಆದರೆ ಒಂದು ವಿಚಿತ್ರ ನೋಡಿ. ಹಾಸ್ ಜಗತ್ತಿಗೆ ಮಾರಿದ್ದು ಶುದ್ಧಿಯನ್ನು. ಮೇಜಿನ ಮೇಲೆ ಮಾಡಿದ್ದು ಬೆರಕೆಯನ್ನು. ಇಂದು ಆತನನ್ನು ಹೊರಹಾಕುವವರು ಹಿಡಿದಿರುವುದು ಆತನೇ ಬರೆದ ಫಲಕ: ಪರರ ಕೈ ಸೋಕದ ಬ್ರುಕ್ನರ್ ಬೇಕು. ಹಾಸ್‌ನಲ್ಲಿ ಅತ್ಯಂತ ಕೆಟ್ಟದ್ದು ಯಾವುದಿತ್ತೋ ಅದನ್ನು ಉಳಿಸಿಕೊಂಡು, ಒಳ್ಳೆಯದನ್ನು ಗಡಿಪಾರು ಮಾಡಿದ್ದಾರೆ.

ಈ ಶುದ್ಧಿಯ ಪಂಥಕ್ಕೆ ಹುಟ್ಟಿದ ದಿನವೂ ಇದೆ. 1932ರ ಏಪ್ರಿಲ್ 2, ಮ್ಯೂನಿಕ್. ಸೀಗ್ಮುಂಡ್ ಫಾನ್ ಹೌಸೆಗರ್ ಒಂದೇ ಸಂಜೆ ಒಂಬತ್ತನೆಯದನ್ನು ಎರಡು ಬಾರಿ ನಡೆಸಿದ: ಮೊದಲು ಶಿಷ್ಯ ಫರ್ಡಿನಾಂಡ್ ಲೋವೆ ತಿದ್ದಿದ್ದ ರೂಪ, ಆಮೇಲೆ ಹಸ್ತಪ್ರತಿಯಲ್ಲಿದ್ದ ರೂಪ. ಸಭೆ ಎರಡನೆಯದಕ್ಕೆ ಒಲಿಯಿತು. ನ್ಯಾಯವೇ, ಲೋವೆಯ ತಿದ್ದುಪಡಿ ನಡೆದದ್ದು ಬ್ರುಕ್ನರ್ ಸತ್ತ ಮೇಲೆ. ಆದರೆ ಆ ಒಂದು ಸಂಜೆಯಿಂದ ಎಲ್ಲ ಮೊದಲ ಮುದ್ರಣಗಳಿಗೂ ನಕಲಿ ಎಂಬ ಮುದ್ರೆ ಬಿತ್ತು. ನಾಲ್ಕನೆಯ ಸಿಂಫನಿಯ 1888ರ ಪಾಠವೂ ಅದಕ್ಕೆ ಸಿಕ್ಕಿಕೊಂಡಿತು. ಅಚ್ಚಿಗೆ ಕೊಟ್ಟ ಆ ಪ್ರತಿಯ ತುಂಬ ಬ್ರುಕ್ನರ್‌ನ ಕೈಯ ತಿದ್ದುಪಡಿಗಳಿವೆ. ಬೆಂಜಮಿನ್ ಕೋರ್ಸ್ಟ್‌ವೆಟ್ ಅದನ್ನು 2004ರಲ್ಲಿ ಸಂಪಾದಿಸಿ ಸಮಗ್ರ ಸಂಪುಟದೊಳಕ್ಕೆ ತಂದ. ಎಪ್ಪತ್ತು ವರ್ಷ ನಕಲಿ ಎನಿಸಿಕೊಂಡದ್ದು ರಾತ್ರೋರಾತ್ರಿ ಅಸಲಿಯಾಯಿತು. ಫುರ್ಟ್‌ವೆಂಗ್ಲರ್ 1951ರಲ್ಲಿ ಅದನ್ನೇ ನುಡಿಸಿದಾಗ ಹಳೆಯ ಕಾಲದವನೆಂದು ಮೂಗು ಮುರಿದವರಿಗೆ ಈಗ ಏನು ಹೇಳಲಿಕ್ಕಿದೆಯೋ.

ಹಾಗಾದರೆ ಜೋಸೆಫ್‌ನ ತಮ್ಮ ಫ್ರಾಂಜ್ ಶಾಲ್ಕ್‌ನನ್ನೂ ಕ್ಷಮಿಸುತ್ತೀರಾ ಎಂದು ಕೇಳಿಯಾರು. ಇಲ್ಲ. 1894ರಲ್ಲಿ ಗ್ರಾಜ್‌ನಲ್ಲಿ ಐದನೆಯದರ ಮೊದಲ ಪ್ರದರ್ಶನಕ್ಕೆ ಕಾಯಿಲೆಯ ಬ್ರುಕ್ನರ್‌ಗೆ ಹೋಗಲಾಗಲಿಲ್ಲ. ಶಾಲ್ಕ್ ಫಿನಾಲೆಯಲ್ಲಿ 122 ಬಾರ್ ಕತ್ತರಿಸಿ, ಕೊನೆಗೆ ಸಿಂಬಲ್, ಟ್ರಯಾಂಗಲ್, ಹೆಚ್ಚುವರಿ ಹಿತ್ತಾಳೆ ವಾದ್ಯಗಳನ್ನು ತುಂಬಿದ. ಕಲ್ಲಿನ ಮೇಲೆ ಕಲ್ಲಿಟ್ಟು ಕಟ್ಟಿದ ಫ್ಯೂಗ್‌ಗೆ ಜಾತ್ರೆಯ ದೀಪ ಕಟ್ಟಿದಂತಾಯಿತು. ಕ್ನಾಪರ್ಟ್ಸ್‌ಬುಷ್ 1956ರಲ್ಲೂ ಅದನ್ನೇ ಧ್ವನಿಮುದ್ರಿಸಿದ. ಆ ದೊಡ್ಡ ಮನುಷ್ಯನ ಕೈಯಲ್ಲೂ ಅದು ಉಳಿಯಲಿಲ್ಲ. ಶಾಲ್ಕ್ ಕತ್ತರಿಸಿದರೆ ಅಪರಾಧ, ಹಾಸ್ ಹೊಲಿದರೆ ಕಲೆ, ಇದು ಯಾವ ನ್ಯಾಯ ಎಂದರೆ: ಶಾಲ್ಕ್‌ನಿಂದ ಸಂಗೀತ ಕುಗ್ಗಿತು, ಹಾಸ್‌ನಿಂದ ಹಿಗ್ಗಿತು. ಇದಕ್ಕಿಂತ ದೊಡ್ಡ ನಿಯಮ ನನ್ನಲ್ಲಿಲ್ಲ. ಬೇಕೂ ಇಲ್ಲ.

ಇದೇ ಹಾಸ್ ಏಳನೆಯದರ ಅಡಾಜಿಯೊದಲ್ಲಿ ಸಿಂಬಲ್ ಹೊಡೆತವನ್ನು ತೆಗೆದುಹಾಕಿದ. ಹಸ್ತಪ್ರತಿಯಲ್ಲಿ ಅದನ್ನು ಬೇರೆ ಚೀಟಿಯಲ್ಲಿ ಬರೆದು ಅಂಟಿಸಿದೆ. ಪಕ್ಕದಲ್ಲಿ ಯಾರೋ 'ಇದು ಲೆಕ್ಕಕ್ಕಿಲ್ಲ' ಎಂದು ಗೀಚಿದ್ದಾರೆ. ಕೈ ಬ್ರುಕ್ನರ್‌ನದೋ ಅಲ್ಲವೋ ಇನ್ನೂ ಜಗಳವಿದೆ. ನೊವಾಕ್ ಹೊಡೆತವನ್ನು ಮರಳಿಸಿದ. ಇಲ್ಲಿ ನಾನು ನೊವಾಕ್‌ನ ಪಕ್ಷ, ಕಾರಣ ಚೀಟಿಯಲ್ಲ, ಆ ಜಾಗ ಸಿಂಬಲ್ಲನ್ನು ಬೇಡುತ್ತದೆ.

ಆರ್ಕೆಸ್ಟ್ರಾದವರ ಪಾಡು ಇನ್ನೊಂದು. ಹೊಸ ಪರಿಷ್ಕರಣ ಬಂತೆಂದರೆ ಸ್ಕೋರ್ ಒಂದನ್ನು ಕೊಂಡರೆ ಮುಗಿಯಲಿಲ್ಲ. ಒಂದೊಂದು ಮೇಜಿಗೂ ಹೊಸ ಹಾಳೆ ಬೇಕು. ಹಳೆಯ ಹಾಳೆಗಳಲ್ಲಿ ಪಿಟೀಲಿನವರು ತಲೆಮಾರುಗಳಿಂದ ಪೆನ್ಸಿಲಿನಲ್ಲಿ ಗುರುತಿಸಿದ ಕಮಾನಿನ ಏರಿಳಿತ, ಹಾರ್ನ್‌ನವನು ಉಸಿರಿಗೆಂದು ಹಾಕಿಕೊಂಡ ಗೆರೆ, ಎಲ್ಲವೂ ಮತ್ತೆ ಮೊದಲಿಂದ. ಕೃತಿಯೊಂದು ನುಡಿಸುವವರ ಕೈಯಲ್ಲಿ ಹಣ್ಣಾಗುವುದು ಆ ಪೆನ್ಸಿಲ್ ಗುರುತುಗಳಲ್ಲಿ. ಅದಕ್ಕೆ ಯಾವ ಸಂಪುಟದ ಅಡಿಟಿಪ್ಪಣಿಯಲ್ಲೂ ಜಾಗವಿಲ್ಲ. ಹೊಸ ಪಾಠದ ಜೊತೆ ಹೊಸ ಹಕ್ಕು, ಹೊಸ ಬಾಡಿಗೆ ಬರುತ್ತದೆ ಎಂಬುದನ್ನೂ ಶುದ್ಧಿಯ ಮಾತಾಡುವವರು ಮೆಲ್ಲಗೆ ಹೇಳುತ್ತಾರೆ.

ಕೇಳುಗರೂ ಹೀಗೇ ಆಗಿದ್ದೇವೆ. 2024ರ ದ್ವಿಶತಮಾನಕ್ಕೆ ಎಲ್ಲ ಸಿಂಫನಿಗಳ ಎಲ್ಲ ರೂಪಗಳನ್ನೂ ಮಾರ್ಕುಸ್ ಪೋಷ್ನರ್ ಧ್ವನಿಮುದ್ರಿಸಿದ. ದೊಡ್ಡ ಕೆಲಸ, ಅಧ್ಯಯನಕ್ಕೆ ಬೇಕಾದದ್ದು. ಆದರೆ ಅಂಥ ಪೆಟ್ಟಿಗೆಗಳನ್ನು ಕೊಂಡು ಕಪಾಟಿನಲ್ಲಿಟ್ಟವರು ಒಂದನ್ನು ಇನ್ನೊಂದಕ್ಕಿಂತ ಮೇಲೆಂದು ಹೇಳಲು ಈಗ ನಾಚುತ್ತಾರೆ. ಪ್ರತಿಯೊಂದೂ ತನ್ನಷ್ಟಕ್ಕೆ ಸರಿ ಎನ್ನುವುದು ಸಭ್ಯತೆಯಾಗಿಬಿಟ್ಟಿದೆ. ಸಂಪಾದಕ ಅಸಲಿ ಎಂದು ಚೀಟಿ ಅಂಟಿಸಿಕೊಟ್ಟರೆ ಸಾಕು, ಇಷ್ಟಪಡುವ ಹೊಣೆ ತಪ್ಪಿತು. ಸಾಹಿತ್ಯದಲ್ಲೂ ಇದೇ ಗಾಳಿ: ಪಾಠ ನಿರ್ಣಯವಾದ ಮೇಲೆ ರುಚಿಯ ಮಾತು ಎತ್ತಿದವನು ಹವ್ಯಾಸಿ.

ನನ್ನ ಬೇಡಿಕೆ ಸಣ್ಣದು. ಹಾಸ್‌ನ ಎಂಟನೆಯದನ್ನು ಹೊಸದಾಗಿ ಅಚ್ಚು ಮಾಡಿ. ಆತ ಸೇರಿಸಿದ ಬಾರ್‌ಗಳನ್ನೆಲ್ಲ ಬೇರೆ ಬಣ್ಣದಲ್ಲಿ ತೋರಿಸಿ. ಮುನ್ನುಡಿಯಲ್ಲಿ ಆತನ ಪಕ್ಷದ ಸದಸ್ಯತ್ವವನ್ನೂ, ಜೋಸೆಫ್ ಶಾಲ್ಕ್‌ನ ಮೇಲೆ ಹೊರಿಸಿದ ಆಧಾರವಿಲ್ಲದ ದೂರನ್ನೂ ಮುಚ್ಚುಮರೆಯಿಲ್ಲದೆ ಬರೆಯಿರಿ. ಮುಖಪುಟದಲ್ಲಿ ಬ್ರುಕ್ನರ್‌ನ ಹೆಸರಿನ ಕೆಳಗೆ ಹಾಸ್‌ನ ಹೆಸರನ್ನೂ ಹಾಕಿ, ಸಂಪಾದಕ ಎಂಬ ಪದವನ್ನು ಬಿಟ್ಟು. ಆಮೇಲೆ ವಾದ್ಯಗಾರರ ಮೇಜಿನ ಮೇಲಿಡಿ.